ಸಂಜೆ ಏಳರ ಕಲ್ಲಿದ್ದಲು

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವಿನ 765 ಕೆ.ವಿ. ಮಾರ್ಗದಲ್ಲಿ ವಿದ್ಯುತ್ ಹರಿಯತೊಡಗಿತು. ಅಲ್ಲಿಯವರೆಗೆ ತನ್ನದೇ ಲಯದಲ್ಲಿ ನಡೆಯುತ್ತಿದ್ದ ದಕ್ಷಿಣದ ಗ್ರಿಡ್ ಅಂದಿನಿಂದ ಇಡೀ ದೇಶದೊಂದಿಗೆ ಒಂದೇ ಆವರ್ತನದಲ್ಲಿ ಮಿಡಿಯಲು ಶುರುವಾಯಿತು. ಕಾಶ್ಮೀರದ ಜಲವಿದ್ಯುತ್ತೂ ತೂತ್ತುಕುಡಿಯ ಗಾಳಿಯಂತ್ರವೂ ಒಂದೇ ಯಂತ್ರದ ಭಾಗಗಳಾದವು. ಎಂಜಿನಿಯರುಗಳ ಪಾಲಿಗೆ ಅದು ಹೆಮ್ಮೆಯ ದಿನ. ಆದರೆ ಆ ದಿನ ಇನ್ನೊಂದು ಸಂಗತಿಯೂ ನಡೆಯಿತು, ಅದನ್ನು ಹೆಚ್ಚು ಮಂದಿ ಗಮನಿಸಲಿಲ್ಲ. ‘ಕರ್ನಾಟಕದ ಇಂಗಾಲ’, ‘ಮಹಾರಾಷ್ಟ್ರದ ಇಂಗಾಲ’ ಎಂದು ಗಡಿ ಗೆರೆ ಎಳೆದು ಲೆಕ್ಕ ಹಾಕುವುದು ಅಂದಿನಿಂದ ಬಹಳ ಕಷ್ಟವಾಯಿತು. ಬೆಂಗಳೂರಿನಲ್ಲಿ ಒತ್ತಿದ ಸ್ವಿಚ್ಚಿಗೆ ಕಲ್ಲಿದ್ದಲು ಎಲ್ಲಿ ಉರಿಯಿತು ಎಂಬುದಕ್ಕೆ ರಾಜ್ಯದ ನಕ್ಷೆಯಲ್ಲಿ ಉತ್ತರ ಸಿಗುವುದಿಲ್ಲ.

ನಮ್ಮ ಕಾನೂನು ಮಾತ್ರ ರಾಜ್ಯದ ನಕ್ಷೆಯನ್ನೇ ಹಿಡಿದುಕೊಂಡಿದೆ. 2003ರ ವಿದ್ಯುತ್ ಕಾಯ್ದೆಯ 86(1)(ಇ) ಕಲಮು ಪ್ರತಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೂ ಒಂದು ಹೊಣೆ ಹೊರಿಸಿತು: ತನ್ನ ವ್ಯಾಪ್ತಿಯ ವಿತರಣಾ ಕಂಪನಿಗಳು ಕೊಳ್ಳುವ ವಿದ್ಯುತ್ತಿನಲ್ಲಿ ಇಂತಿಷ್ಟು ಪಾಲು ನವೀಕರಿಸಬಹುದಾದ ಮೂಲಗಳಿಂದಲೇ ಬರಬೇಕೆಂದು ನಿಗದಿ ಮಾಡುವುದು. 2008ರ ರಾಷ್ಟ್ರೀಯ ಹವಾಮಾನ ಕ್ರಿಯಾಯೋಜನೆ ಈ ಪಾಲು ಶೇ 5ರಿಂದ ಆರಂಭವಾಗಿ 2020ರ ಹೊತ್ತಿಗೆ ಶೇ 15 ಮುಟ್ಟಬೇಕೆಂದು ಆಶಿಸಿತು. ಸ್ವಂತಕ್ಕೆ ವಿದ್ಯುತ್ ಉತ್ಪಾದಿಸಿಕೊಳ್ಳುವ ದೊಡ್ಡ ಕಾರ್ಖಾನೆಗಳಿಗೂ ಈ ಖರೀದಿ ಬಾಧ್ಯತೆ ಅನ್ವಯಿಸುತ್ತದೆ ಎಂಬುದನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈಗ ಇಂಧನ ಸಂರಕ್ಷಣಾ ಕಾಯ್ದೆಯಡಿ ಕೇಂದ್ರವೇ ಗುರಿ ಹಾಕಿದೆ: 2029-30ಕ್ಕೆ ಶೇ 43.33. ತಪ್ಪಿದವರಿಗೆ ದಂಡವೂ ಉಂಟು.

ಇಷ್ಟೆಲ್ಲ ಆದಮೇಲೆ ಹೊಗೆ ಎಷ್ಟು ಕಡಿಮೆಯಾಯಿತು? ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ದೇಶದ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿತ್ತು ಎಂದು ಲೆಕ್ಕ ಕೊಡುತ್ತದೆ. 2019-20ರಿಂದ 2023-24ರವರೆಗೆ ಆ ಸಂಖ್ಯೆ 0.7 ಕೆ.ಜಿ.ಯ ಆಸುಪಾಸಿನಲ್ಲೇ ಕುಳಿತಿದೆ. ಅದೇ ಅವಧಿಯಲ್ಲಿ ದೇಶದ ಸೌರ ಸಾಮರ್ಥ್ಯ ದುಪ್ಪಟ್ಟನ್ನೂ ಮೀರಿ ಬೆಳೆಯಿತು. ಬೇಡಿಕೆ ಏರಿದ್ದು ಆ ಸಂಖ್ಯೆ ಇಳಿಯದಿರಲು ದೊಡ್ಡ ಕಾರಣ. ಸೌರ ವಿದ್ಯುತ್ ಇಲ್ಲದಿದ್ದರೆ ಅಂಕಿ ಇನ್ನೂ ಮೇಲೇರುತ್ತಿತ್ತು ಎಂಬುದೂ ನಿಜ. ಆದರೂ ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಒಂದು ಪ್ರಶ್ನೆ ಏಳಲೇಬೇಕು. ನಾವು ಕಡ್ಡಾಯ ಮಾಡಿರುವುದು ಯಾವುದನ್ನು?

ಕಡ್ಡಾಯ ಮಾಡಿರುವುದು ಖರೀದಿಯನ್ನು. ವರ್ಷದ ಕೊನೆಗೆ ಲೆಕ್ಕಪುಸ್ತಕದಲ್ಲಿ ಇಷ್ಟು ಹಸಿರು ಯೂನಿಟ್ ಕಾಣಬೇಕು, ಅಷ್ಟೇ. ಆ ಯೂನಿಟ್ ಬಂದಾಗ ಯಾವ ಬಾಯ್ಲರಿನ ಬೆಂಕಿ ತಗ್ಗಬೇಕು ಎಂದು ಬಾಧ್ಯತೆ ಹೇಳುವುದಿಲ್ಲ. ಅದನ್ನು ಹೇಳುವುದು ದರ. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಯಾವ ಸ್ಥಾವರದಿಂದ ಎಷ್ಟು ವಿದ್ಯುತ್ ಪಡೆಯಬೇಕೆಂದು ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ನಿರ್ಧಾರವಾಗುತ್ತದೆ. ಸೌರ, ಪವನ ವಿದ್ಯುತ್ತಿಗೆ ಮೊದಲ ಮಣೆ. ಉಳಿದವು ಇಂಧನ ವೆಚ್ಚದ ಏಣಿಯಲ್ಲಿ ನಿಲ್ಲುತ್ತವೆ. ಬಿಸಿಲು ಏರಿದಂತೆ ಏಣಿಯ ತುದಿಯಲ್ಲಿರುವ ದುಬಾರಿ ಸ್ಥಾವರ ಮೊದಲು ತಗ್ಗುತ್ತದೆ.

ದುಬಾರಿ ಸ್ಥಾವರ ಎಂದರೆ ಹೆಚ್ಚು ಹೊಗೆ ಬಿಡುವ ಸ್ಥಾವರ ಎಂದೇನಲ್ಲ. ರಾಯಚೂರಿನ ಶಕ್ತಿನಗರಕ್ಕೂ ಯರಮರಸ್‌ಗೂ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ಸಾಗಣೆ ವೆಚ್ಚವೇ ಅದನ್ನು ದುಬಾರಿ ಮಾಡುತ್ತದೆ. ಗಣಿಯ ಬಾಯಲ್ಲೇ ಕಟ್ಟಿದ ಹಳೆಯ ಸ್ಥಾವರಕ್ಕೆ ಆ ಖರ್ಚಿಲ್ಲ. ಯರಮರಸ್‌ನ ತಲಾ 800 ಮೆಗಾವ್ಯಾಟ್‌ನ ಎರಡು ಘಟಕಗಳು ಹೊಸ ತಂತ್ರಜ್ಞಾನದವು. ಯೂನಿಟ್ಟಿಗೆ ಕಡಿಮೆ ಕಲ್ಲಿದ್ದಲು ಸಾಕು. ಆದರೆ ದರದ ಏಣಿಯಲ್ಲಿ ಅವು ಗಣಿ ಬಾಯಿಯ ಹಳೆಯ ಘಟಕಕ್ಕಿಂತ ಮೇಲಿದ್ದರೆ, ಪಾವಗಡದ ಸೌರ ಪಾರ್ಕಿನ ಬಿಸಿಲು ತಗ್ಗಿಸುವುದು ಅವುಗಳನ್ನೇ. ಹೆಚ್ಚು ಹೊಗೆಯ ಬೆಂಕಿ ಉರಿಯುತ್ತಲೇ ಇರುತ್ತದೆ. ಇಲ್ಲಿ ಯಾರೂ ನಿಯಮ ಮುರಿದಿಲ್ಲ. ನಿಯಮದಲ್ಲಿ ಇಂಗಾಲಕ್ಕೆ ಬೆಲೆಯೇ ಇಲ್ಲದಿರುವುದರ ಫಲ ಇದು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯಂತೆ ಶುರುವಾಗಿ 2016ರಲ್ಲಿ 400ಕ್ಕೇರಿದ್ದ ಸೆಸ್ ಒಂದು ಮಟ್ಟಿಗೆ ಆ ಕೆಲಸ ಮಾಡಬಹುದಿತ್ತು. ಅದರ ಹಣ ಮೊದಲು ಜಿಎಸ್‌ಟಿ ಪರಿಹಾರಕ್ಕೆ ತಿರುಗಿತು, 2025ರಲ್ಲಿ ಸೆಸ್ಸೇ ಹೋಯಿತು. ಹೊಸದಾಗಿ ರೂಪುಗೊಳ್ಳುತ್ತಿರುವ ಇಂಗಾಲ ಮಾರುಕಟ್ಟೆ ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮೊದಲಾದ ಉದ್ಯಮಗಳಿಂದ ಆರಂಭವಾಗಿದೆ. ಎಲ್ಲಕ್ಕಿಂತ ಹೆಚ್ಚು ಕಲ್ಲಿದ್ದಲು ಉರಿಸುವ ವಿದ್ಯುತ್ ಕ್ಷೇತ್ರ ಅದರ ಹೊರಗಿದೆ.

ಇಲ್ಲಿ ಒಂದು ಆಕ್ಷೇಪವನ್ನು ನೇರವಾಗಿ ಎದುರಿಸಬೇಕು. ಉಷ್ಣ ಸ್ಥಾವರಗಳನ್ನು ಅರ್ಧ ಭಾರದಲ್ಲಿ ಓಡಿಸಿದರೆ ಅವುಗಳ ದಕ್ಷತೆ ಕುಸಿಯುತ್ತದೆ, ಹಾಗಾಗಿ ಸೌರ ವಿದ್ಯುತ್ತಿನಿಂದ ಉಳಿದ ಇಂಗಾಲವೆಲ್ಲ ಅಲ್ಲೇ ಸೋರಿಹೋಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಶಕ್ತಿನಗರದ ಹಳೆಯ ಘಟಕಗಳಂತೆ 210 ಮೆಗಾವ್ಯಾಟ್‌ನ ಒಂದು ಘಟಕ ಪೂರ್ಣ ಭಾರದಲ್ಲಿ ಯೂನಿಟ್ಟಿಗೆ ಸುಮಾರು ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎಂದುಕೊಂಡರೆ ಗಂಟೆಗೆ 210 ಟನ್. ಅದನ್ನು ಶೇ 55ಕ್ಕೆ ಇಳಿಸಿದರೆ ಉತ್ಪಾದನೆ 115 ಮೆಗಾವ್ಯಾಟ್ ಚಿಲ್ಲರೆ. ದಕ್ಷತೆಯ ನಷ್ಟವನ್ನು ಶೇ 6 ಎಂದು ಹಿಡಿದರೂ ಹೊಗೆ 122 ಟನ್ನಿನಷ್ಟು. ನಷ್ಟವೇ ಇಲ್ಲದಿದ್ದರೆ ಉಳಿಯಬೇಕಾಗಿದ್ದ 94 ಟನ್ನಿನ ಬದಲು 88 ಟನ್ ಉಳಿಯಿತು. ಸೋರಿಕೆ ಇದೆ, ಆದರೆ ಅಲ್ಪ. ಸೌರ ವಿದ್ಯುತ್ ವ್ಯರ್ಥ ಎಂದು ಇದರ ಆಧಾರದ ಮೇಲೆ ಹೇಳುವವರ ಮಾತು ನಿಲ್ಲುವುದಿಲ್ಲ. ನಿಜವಾದ ಸೋರಿಕೆ ಇರುವುದು ಬಾಯ್ಲರಿನಲ್ಲಲ್ಲ, ನಾವು ಲೆಕ್ಕ ಇಡುವ ರೀತಿಯಲ್ಲಿ.

2023ರ ಬರಗಾಲವನ್ನೇ ತೆಗೆದುಕೊಳ್ಳಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಲಿಂಗನಮಕ್ಕಿ ಜಲಾಶಯಕ್ಕೆ ನೀರು ಬರಲಿಲ್ಲ, ಶರಾವತಿಯ ಟರ್ಬೈನುಗಳು ಕೈಕಟ್ಟಿ ಕೂತವು. ಅದೇ ಹೊತ್ತಿಗೆ ಮಳೆ ಕಾಣದ ರೈತರು ಪಂಪ್‌ಸೆಟ್ ಓಡಿಸಲೇಬೇಕಾಯಿತು. ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ರಾಜ್ಯದಲ್ಲಿರುವ ಉತ್ಪಾದಕರು ಹೊರಗೆ ಮಾರದೆ ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. ಮುಂದಿನ ಮಳೆಗಾಲದಲ್ಲಿ ಹಿಂತಿರುಗಿಸುವ ಒಪ್ಪಂದದ ಮೇಲೆ ಪಂಜಾಬ್, ಉತ್ತರ ಪ್ರದೇಶಗಳಿಂದ ವಿದ್ಯುತ್ ತಂದಿತು. ಆ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದೇ ಅಲ್ಲದೆ ಇನ್ನೇನು? ಇಷ್ಟಾಗಿಯೂ ಆ ವರ್ಷದ ಬಾಧ್ಯತೆಯ ಶೇಕಡಾವಾರು ಕೆಟ್ಟದಾಗಿ ಕಾಣಬೇಕೆಂದೇನಿಲ್ಲ. ಬರಗಾಲದ ಆಕಾಶದಲ್ಲಿ ಮೋಡವಿಲ್ಲ, ಸೌರ ಫಲಕಗಳಿಗೆ ಅದು ಹಬ್ಬ. ಹಸಿರು ಪಾಲು ಹಾಗೇ ಇರಬಹುದು, ಹೊಗೆ ಮಾತ್ರ ಏರಬಹುದು. ಹವಾಮಾನ ಬದಲಾವಣೆಯಿಂದ ಬರಗಾಲ ಪದೇ ಪದೇ ಬರುವ ಕಾಲದಲ್ಲಿ, ಬರದ ವರ್ಷವೇ ಕಾಣದಂಥ ಮಾಪಕವನ್ನು ಹಿಡಿದು ನಾವು ಹವಾಮಾನ ನೀತಿ ನಡೆಸುತ್ತಿದ್ದೇವೆ.

ಶರಾವತಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. 1902ರಲ್ಲಿ ಶಿವನಸಮುದ್ರದಿಂದ ಆರಂಭಿಸಿ, ಶಕ್ತಿನಗರದ ಮೊದಲ ಘಟಕ 1985ರಲ್ಲಿ ಉರಿಯುವವರೆಗೆ ಈ ರಾಜ್ಯ ಬೆಳೆದದ್ದು ಬಹುತೇಕ ನೀರಿನ ವಿದ್ಯುತ್ತಿನ ಮೇಲೆ. ಅದಕ್ಕೆ ಬೆಲೆ ತೆತ್ತವರು ಹೊಸನಗರ, ಸಾಗರದ ಮುಳುಗಡೆಯ ಜನ. ಆದರೆ 25 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ತನ್ನು 2019ರವರೆಗೆ ಭಾರತದಲ್ಲಿ ನವೀಕರಿಸಬಹುದಾದ ಇಂಧನವೆಂದೇ ಗಣಿಸುತ್ತಿರಲಿಲ್ಲ. ಅಂದರೆ ಕರ್ನಾಟಕದ ಅತಿ ಹಳೆಯ ಹೊಗೆಯಿಲ್ಲದ ವಿದ್ಯುತ್ತಿಗೆ ಬಾಧ್ಯತೆಯ ಪುಸ್ತಕದಲ್ಲಿ ಜಾಗವಿರಲಿಲ್ಲ. ಹಸಿರು ಶೇಕಡಾವಾರು ಮತ್ತು ಇಂಗಾಲ ಬೇರೆ ಬೇರೆ ಸಂಗತಿಗಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಲೆಕ್ಕದ ಇನ್ನೂ ಎರಡು ದಾರಿಗಳನ್ನು ನೋಡಬೇಕು. ಒಂದು, 2010ರಲ್ಲಿ ಬಂದ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರ. ಬಿಸಿಲು, ಗಾಳಿ ಕಡಿಮೆ ಇರುವ ರಾಜ್ಯದ ಕಂಪನಿ ಗದಗದ ಗಾಳಿಯಂತ್ರದ ಪ್ರಮಾಣಪತ್ರ ಕೊಂಡು ತನ್ನ ಬಾಧ್ಯತೆ ತೀರಿಸಬಹುದು. ಒಂದು ಪತ್ರಕ್ಕೆ ಒಂದು ಸಾವಿರ ಯೂನಿಟ್. ದೇಶದ ಒಟ್ಟು ಲೆಕ್ಕಕ್ಕೆ ಇದು ತಪ್ಪಲ್ಲ. ಹವಾಮಾನಕ್ಕೆ ಗದಗವೂ ಒಂದೇ, ದೆಹಲಿಯೂ ಒಂದೇ. ಆದರೆ ದೆಹಲಿಯವರ ಎದೆಗೂಡಿಗೆ ಒಂದೇ ಅಲ್ಲ. ಸ್ಥಾವರದ ಸುತ್ತಲ ಬೂದಿ, ಗಂಧಕ, ಸೂಕ್ಷ್ಮ ಕಣಗಳು ಪ್ರಮಾಣಪತ್ರದೊಂದಿಗೆ ಪ್ರಯಾಣ ಮಾಡುವುದಿಲ್ಲ. ಶಕ್ತಿನಗರದ ಸುತ್ತಲ ಹಳ್ಳಿಗಳಲ್ಲಿ, ಬಳ್ಳಾರಿಯ ಕುಡಿತಿನಿಯಲ್ಲಿ ಹಾರುಬೂದಿ ಬಟ್ಟೆಯ ಮೇಲೆ, ಬೆಳೆಯ ಮೇಲೆ ಕೂರುತ್ತದೆ. ರಾಜ್ಯ ತನ್ನ ಗುರಿ ಮೀರಿ ಹಸಿರು ಕೊಂಡಿದೆ ಎಂಬ ಸುದ್ದಿ ಅಲ್ಲಿಯವರಿಗೆ ಯಾವ ಅರ್ಥವನ್ನೂ ಕೊಡುವುದಿಲ್ಲ.

ಇನ್ನೊಂದು, ‘ಬ್ಯಾಂಕಿಂಗ್’. ಬೆಂಗಳೂರಿನ ದೊಡ್ಡ ಕಚೇರಿಯೊಂದು ಉತ್ತರ ಕರ್ನಾಟಕದ ಸೌರ ಘಟಕದಿಂದ ನೇರವಾಗಿ ವಿದ್ಯುತ್ ಕೊಳ್ಳುತ್ತದೆ. ಮಧ್ಯಾಹ್ನ ಹೆಚ್ಚಾದ ಯೂನಿಟ್ಟುಗಳನ್ನು ವಿತರಣಾ ಕಂಪನಿಯಾದ ಎಸ್ಕಾಂ ‘ಜಮಾ’ ಇಟ್ಟುಕೊಂಡು, ಬೇಕಾದಾಗ ಹಿಂತಿರುಗಿಸುತ್ತದೆ. ವಿದ್ಯುತ್ತನ್ನು ಜಮಾ ಇಡಲು ಎಸ್ಕಾಂ ಬಳಿ ಯಾವ ಪೆಟ್ಟಿಗೆಯೂ ಇಲ್ಲ. ಮಧ್ಯಾಹ್ನದ ಯೂನಿಟ್ ಆಗಲೇ ಬೇರೆಯವರ ಮನೆಯಲ್ಲಿ ಖರ್ಚಾಗಿರುತ್ತದೆ. ರಾತ್ರಿ ಪಾಳಿಯ ಹವಾನಿಯಂತ್ರಣಕ್ಕೆ ಹಿಂತಿರುಗುವುದು ಆ ಹೊತ್ತಿನಲ್ಲಿ ಗ್ರಿಡ್‌ನಲ್ಲಿ ಇರುವ ವಿದ್ಯುತ್, ಬಹುಮಟ್ಟಿಗೆ ಕಲ್ಲಿದ್ದಲಿನದು. ಕಚೇರಿಯ ವಾರ್ಷಿಕ ವರದಿ ‘ಶೇ 100 ಹಸಿರು’ ಎನ್ನುತ್ತದೆ. ಕಾನೂನಿನ ಪ್ರಕಾರ ಅದು ಸರಿ. ಹಿಂದೆ ರಾಜ್ಯದಲ್ಲಿ ಈ ಜಮಾ ಖರ್ಚನ್ನು ವರ್ಷದುದ್ದಕ್ಕೂ ಹೊಂದಿಸಲು ಅವಕಾಶವಿತ್ತು. 2022ರ ಕೇಂದ್ರ ನಿಯಮಗಳು ತಿಂಗಳ ಲೆಕ್ಕವನ್ನು ಕನಿಷ್ಠವೆಂದು ಇಟ್ಟವು. ಅದು ಸರಿಯಾದ ದಿಕ್ಕು. ಆದರೆ ಇಂಗಾಲಕ್ಕೆ ತಿಂಗಳೂ ದೊಡ್ಡ ಅವಧಿಯೇ. ಮಧ್ಯಾಹ್ನ ಒಂದಕ್ಕೂ ಸಂಜೆ ಏಳಕ್ಕೂ ನಡುವೆ ಗ್ರಿಡ್ಡೇ ಬದಲಾಗಿರುತ್ತದೆ.

ಹೊರದೇಶದ ಅನುಭವವೂ ಇದನ್ನೇ ಹೇಳುತ್ತದೆ, ಸ್ವಲ್ಪ ಬೇರೆ ರೀತಿಯಲ್ಲಿ. ಜರ್ಮನಿ 2000ದ ಕಾನೂನಿನಿಂದ ಸೌರ, ಪವನ ವಿದ್ಯುತ್ತಿಗೆ ದೊಡ್ಡ ಒತ್ತು ಕೊಟ್ಟಿತು. 2005ರಲ್ಲಿ ಐರೋಪ್ಯ ಒಕ್ಕೂಟ ಇಡೀ ಪ್ರದೇಶದ ಹೊಗೆಗೆ ಒಂದು ಮಿತಿ ಹಾಕಿ, ಪರವಾನಗಿಗಳ ವಹಿವಾಟಿಗೆ ಅವಕಾಶ ಕೊಟ್ಟಿತು. ಆಗ ಅರ್ಥಶಾಸ್ತ್ರಜ್ಞರು ಎತ್ತಿ ತೋರಿಸಿದ ತೊಡಕು ಇದು: ಜರ್ಮನಿಯಲ್ಲಿ ಉಳಿದ ಪರವಾನಗಿ ಅಗ್ಗವಾಗಿ ಪೋಲೆಂಡಿನ ಕಲ್ಲಿದ್ದಲು ಸ್ಥಾವರದ ಕೈಗೆ ಹೋಗುತ್ತದೆ, ಒಟ್ಟು ಮಿತಿ ಮಾತ್ರ ಹಾಗೇ ಇರುತ್ತದೆ. ಹೆಚ್ಚಾದ ಪರವಾನಗಿಗಳನ್ನು ಹಿಂತೆಗೆಯುವ ಮೀಸಲು ವ್ಯವಸ್ಥೆ 2019ರಲ್ಲಿ ಜಾರಿಯಾದ ಮೇಲೆ ಈ ತೊಡಕು ಕಡಿಮೆಯಾಯಿತು. ಭಾರತದಲ್ಲಿ ಅಂಥ ಮಿತಿಯೇ ಇಲ್ಲ. ಹಾಗಾಗಿ ಇಲ್ಲಿ ತಗ್ಗಿದ ಒಂದು ಟನ್ ಹೊಗೆ ಬಹುಮಟ್ಟಿಗೆ ನಿಜವಾಗಿಯೇ ತಗ್ಗುತ್ತದೆ. ನಮ್ಮ ಬಾಧ್ಯತೆಗೆ ಯುರೋಪಿನದಕ್ಕಿಂತ ಹೆಚ್ಚು ಕಸುವಿದೆ ಎಂಬುದು ನನ್ನ ನಂಬಿಕೆ. ಅದಕ್ಕೇ ಅದನ್ನು ಸಡಿಲವಾಗಿ ಬಳಸುವುದು ದೊಡ್ಡ ನಷ್ಟ.

ಈ ಟೀಕೆಯನ್ನೆಲ್ಲ ಬಾಧ್ಯತೆಯನ್ನೇ ಕಿತ್ತುಹಾಕಲು ಯಾರೂ ಬಳಸಬಾರದು. 2010ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಸೌರ ವಿದ್ಯುತ್ತಿಗೆ ನಿಗದಿ ಮಾಡಿದ ದರ ಯೂನಿಟ್ಟಿಗೆ 17.91 ರೂಪಾಯಿ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಹರಾಜಿನ ದರ 2.44 ರೂಪಾಯಿಗೆ ಇಳಿದಿತ್ತು. ಚೀನಾದ ಕಾರ್ಖಾನೆಗಳ ಪಾಲು ಇದರಲ್ಲಿ ದೊಡ್ಡದು. ಆದರೆ ಕೊಳ್ಳುವವರು ಖಚಿತವಾಗಿ ಇದ್ದಾರೆ ಎಂಬ ಭರವಸೆ ಇಲ್ಲದೆ ಇಲ್ಲಿ ಯಾರೂ ಬಂಡವಾಳ ಹೂಡುತ್ತಿರಲಿಲ್ಲ. ಆ ಭರವಸೆ ಕೊಟ್ಟದ್ದು ಬಾಧ್ಯತೆ. ಅಮೆರಿಕದ ಟೆಕ್ಸಾಸ್ 1999ರಲ್ಲಿ 2,000 ಮೆಗಾವ್ಯಾಟ್‌ನ ಸಣ್ಣ ಗುರಿಯೊಂದಿಗೆ ಆರಂಭಿಸಿತು. ಗುರಿ ಬಹಳ ಬೇಗ ಹಿಂದೆ ಬಿತ್ತು, ಗಾಳಿಯಂತ್ರಗಳು ತಮ್ಮ ಬಲದ ಮೇಲೆ ಬೆಳೆದವು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ನಿಂತದ್ದೂ ಈ ಅಲೆಯ ಮೇಲೆಯೇ. ಮಳೆಯನ್ನೇ ಕಾಣದ ತಿರುಮಣಿ, ವಳ್ಳೂರಿನ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ, ಜಮೀನಿನ ಹಕ್ಕು ಕೈಬಿಡದೆ, ಸಿಗುವಂತಾಯಿತು. ಜಮೀನಿಲ್ಲದ ಕೂಲಿಕಾರರಿಗೆ ಮಾತ್ರ ಹೊಲದ ಕೆಲಸವೂ ಹೋಯಿತು, ಗುತ್ತಿಗೆಯೂ ಸಿಗಲಿಲ್ಲ. ಆ ಅನ್ಯಾಯವನ್ನು ಸರಿಪಡಿಸುವ ಹೊಣೆ ಇನ್ನೂ ಬಾಕಿ ಇದೆ.

ಬಾಧ್ಯತೆ ತನ್ನ ಮೊದಲ ಕೆಲಸವನ್ನು ಮುಗಿಸಿದೆ. ಸೌರ ಫಲಕ ಈಗ ಕಾನೂನಿನ ಊರುಗೋಲಿಲ್ಲದೆ ನಡೆಯುತ್ತದೆ. ರಾಜ್ಯದಲ್ಲಿ ಸೌರ ಮತ್ತು ಪವನ ಸಾಮರ್ಥ್ಯ ಸೇರಿ 15,000 ಮೆಗಾವ್ಯಾಟ್ ಮೀರಿದೆ, ಗರಿಷ್ಠ ಬೇಡಿಕೆ 18,000 ದಾಟಿದೆ. ಹೀಗಿರುವಾಗ ‘ಇನ್ನಷ್ಟು ಶೇಕಡಾ’ ಎಂದಷ್ಟೇ ಹೇಳುತ್ತಾ ಹೋದರೆ ಮಧ್ಯಾಹ್ನದ ಮೇಲೆ ಮಧ್ಯಾಹ್ನ ಪೇರಿಸಿದಂತಾಗುತ್ತದೆ. ಉಷ್ಣ ಘಟಕಗಳನ್ನು ಶೇ 55ಕ್ಕಿಂತ ಕೆಳಗೆ ಇಳಿಸುವುದು ಕಷ್ಟ. ಶೇ 40ಕ್ಕೆ ಇಳಿಸುವ ಯೋಜನೆಯನ್ನು ವಿದ್ಯುತ್ ಪ್ರಾಧಿಕಾರ 2023ರಲ್ಲಿ ಹಂತ ಹಂತವಾಗಿ ಹಾಕಿಕೊಂಡಿದೆ. ಪೂರ್ತಿ ಆರಿಸಿದರೆ ಸಂಜೆಗೆ ಮತ್ತೆ ಹೊತ್ತಿಸಲು ಗಂಟೆಗಟ್ಟಲೆ ಬೇಕು. ಸಂಜೆ ಬೇಕಾಗುತ್ತದೆಂಬ ಕಾರಣಕ್ಕೇ ಮಧ್ಯಾಹ್ನವೂ ಬೆಂಕಿ ಉಳಿಸಿಕೊಳ್ಳಬೇಕು. ಹಾಗಾಗಿ ಮಧ್ಯಾಹ್ನದ ಕಲ್ಲಿದ್ದಲನ್ನು ಆರಿಸಲು ಬೇಕಿರುವುದು ಮಧ್ಯಾಹ್ನದ ಸೌರ ವಿದ್ಯುತ್ತಲ್ಲ, ಸಂಜೆ ಏಳಕ್ಕೆ ಸಿಗುವ ಬದಲಿ ವಿದ್ಯುತ್.

ಎಸ್ಕಾಂಗಳ ಕಷ್ಟವೂ ಸುಳ್ಳಲ್ಲ. ಉಷ್ಣ ಸ್ಥಾವರಗಳ ಜೊತೆ 25 ವರ್ಷಗಳ ಒಪ್ಪಂದಗಳಿವೆ. ವಿದ್ಯುತ್ ಪಡೆಯಲಿ ಬಿಡಲಿ, ನಿಗದಿತ ಶುಲ್ಕ ಕಟ್ಟಲೇಬೇಕು. ತಗ್ಗಿಸಿದ ಸ್ಥಾವರಕ್ಕೂ ಹಣ, ಬದಲಿಗೆ ಬಂದ ಸೌರ ವಿದ್ಯುತ್ತಿಗೂ ಹಣ. ಈ ಇಬ್ಬಗೆಯ ಹೊರೆ ಕೊನೆಗೆ ಬೀಳುವುದು ನಮ್ಮ ನಿಮ್ಮ ಬಿಲ್ಲಿನ ಮೇಲೆ. ಆದ್ದರಿಂದಲೇ ಹಳೆಯ ಘಟಕಗಳ ನಿವೃತ್ತಿಯ ಪ್ರಶ್ನೆಯನ್ನು ಬಾಧ್ಯತೆಯಿಂದ ಬೇರೆ ಇಟ್ಟು ಚರ್ಚಿಸುವುದು ತಪ್ಪು. ಹೊಸದನ್ನು ಕೊಳ್ಳಲು ದಿನಾಂಕವಿದೆ, ಹಳೆಯದನ್ನು ನಿಲ್ಲಿಸಲು ದಿನಾಂಕವಿಲ್ಲ. ನಿಲ್ಲಿಸುವುದೆಂದರೆ ಶಕ್ತಿನಗರದ ಕಾರ್ಮಿಕರ, ಗುತ್ತಿಗೆ ನೌಕರರ ಬದುಕಿನ ಪ್ರಶ್ನೆಯೂ ಹೌದು. ಅದಕ್ಕೆ ಈಗಿನಿಂದಲೇ ಹಣ, ತರಬೇತಿ, ಬದಲಿ ಕೆಲಸದ ಏರ್ಪಾಡು ಬೇಕು. ಕೊನೆಯ ಗಳಿಗೆಯಲ್ಲಿ ಅಲ್ಲ.

ಸಂಜೆಗೆ ಏನು ಮಾಡಬಹುದು ಎಂಬುದಕ್ಕೆ ನಮ್ಮ ಹಳ್ಳಿಗಳಲ್ಲೇ ಒಂದು ಉತ್ತರ ಸಿಕ್ಕಿದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ಮಾರಾಟವಾಗುವ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ಅವುಗಳದ್ದು. ಹಿಂದೆ ತ್ರೀಫೇಸ್ ಕರೆಂಟ್ ಅರ್ಧ ಹಗಲು, ಅರ್ಧ ರಾತ್ರಿ. ಕರೆಂಟು ಬರುವ ಹೊತ್ತಿಗೆ ಟಾರ್ಚ್ ಹಿಡಿದು ಗದ್ದೆಗೆ ಹೋಗಿ, ಹಾವು ಕಡಿದು, ಕಾಡುಹಂದಿ ಹಾಯ್ದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಓದದ ಕನ್ನಡಿಗರಿಲ್ಲ. ಸೌರ ವಿದ್ಯುತ್ ಹೆಚ್ಚಿದ ಮೇಲೆ ಈ ಹೊರೆಯನ್ನು ಬಹುಪಾಲು ಹಗಲಿಗೆ ತರಲಾಗುತ್ತಿದೆ. ಕೃಷಿ ಫೀಡರುಗಳನ್ನು ಪ್ರತ್ಯೇಕಿಸಿ, ಸಬ್‌ಸ್ಟೇಷನ್ ಬಳಿಯೇ ಸೌರ ಘಟಕ ಹಾಕುವ ಕುಸುಮ್ ಯೋಜನೆ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ನೀರನ್ನು ಹಗಲಿಗೆ ಎತ್ತಿ ಹೊಂಡದಲ್ಲಿ ಇಟ್ಟುಕೊಂಡರೆ ಅದೇ ಒಂದು ಬ್ಯಾಟರಿ. ರಾತ್ರಿಯ ಹೊರೆ ಇಳಿದಷ್ಟೂ ರಾತ್ರಿಯ ಕಲ್ಲಿದ್ದಲು ಇಳಿಯುತ್ತದೆ. ಅಂತರ್ಜಲದ ಆತಂಕ ಇಲ್ಲಿ ಇದ್ದೇ ಇದೆ. ಹಗಲೆಲ್ಲ ಪುಕ್ಕಟೆ ಕರೆಂಟು ಎಂದರೆ ಕೊಳವೆಬಾವಿ ಇನ್ನೂ ಆಳಕ್ಕಿಳಿಯಬಹುದು, ಆದ್ದರಿಂದ ಗಂಟೆಗಳ ಮಿತಿ ಉಳಿಯಬೇಕು. ನನ್ನ ಮಟ್ಟಿಗೆ ಕರ್ನಾಟಕ ಇಂಗಾಲ ತಗ್ಗಿಸಲು ಮಾಡಿದ ಅತ್ಯಂತ ವಿವೇಕದ ಕೆಲಸಗಳಲ್ಲಿ ಇದು ಒಂದು. ಆದರೆ ಖರೀದಿ ಬಾಧ್ಯತೆಯ ಲೆಕ್ಕದಲ್ಲಿ ಇದಕ್ಕೆ ಒಂದು ಅಂಕವೂ ಇಲ್ಲ. ಒಂದು ಯೂನಿಟ್ಟೂ ಹೆಚ್ಚು ಹಸಿರು ಕೊಂಡಿಲ್ಲವಲ್ಲ!

2022ರಲ್ಲಿ ಕೇಂದ್ರ ಶೇಖರಣೆಗೂ ಒಂದು ಬಾಧ್ಯತೆ ಹಾಕಿತು, 2029-30ಕ್ಕೆ ಶೇ 4. ಸಮಯಕ್ಕೆ ಬೆಲೆ ಇದೆಯೆಂದು ಒಪ್ಪಿಕೊಂಡ ಹೆಜ್ಜೆ ಅದು, ಸ್ವಾಗತಿಸಬೇಕು. ಆದರೆ ಶೇಖರಣೆ ಎಂದ ಕೂಡಲೇ ನಮ್ಮಲ್ಲಿ ಮೊದಲು ಎದ್ದದ್ದು ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅದೂ ಸಿಂಗಳೀಕಗಳ ಅಭಯಾರಣ್ಯದ ಒಳಗೆ. ಪಶ್ಚಿಮ ಘಟ್ಟದ ಮಳೆಕಾಡು ತಾನೇ ಇಂಗಾಲದ ಕಣಜ. ಅದನ್ನು ಕಡಿದು ಸಂಜೆಯ ವಿದ್ಯುತ್ ತರುವ ಮೊದಲು, ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ, ಚಿತ್ರದುರ್ಗ–ಗದಗ–ಕೊಪ್ಪಳದ ಗಾಳಿ, ಮನೆ ಮತ್ತು ಕಾರ್ಖಾನೆಗಳಿಗೆ ಹೊತ್ತಿಗೊಂದು ದರ, ಈಗಿರುವ ಜಲಾಶಯಗಳ ನೀರನ್ನು ಸಂಜೆಗೇ ಕಾಯ್ದಿಡುವುದು, ಇವೆಲ್ಲ ಎಷ್ಟು ದೂರ ಒಯ್ಯುತ್ತವೆ ಎಂಬ ಲೆಕ್ಕವನ್ನು ಸರ್ಕಾರ ಜನರ ಮುಂದಿಡಬೇಕು. ಬ್ಯಾಟರಿ ಹರಾಜಿನ ದರ ಇಳಿಯುತ್ತಿರುವ ಈ ಹೊತ್ತಿನಲ್ಲಿ ಆ ಲೆಕ್ಕ ಇನ್ನೂ ತುರ್ತಿನದು.

ಇದಕ್ಕೆಲ್ಲ ಮೊದಲು ಬೇಕಾದದ್ದು ಒಂದು ಸಣ್ಣ ಬದಲಾವಣೆ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಎಸ್ಕಾಂಗಳು ಯಾವ ಸ್ಥಾವರದಿಂದ ಎಷ್ಟು ಯೂನಿಟ್, ಯಾವ ನಿಗದಿತ ಶುಲ್ಕಕ್ಕೆ, ಯಾವ ಇಂಧನ ವೆಚ್ಚಕ್ಕೆ ಕೊಳ್ಳುತ್ತವೆ ಎಂಬ ಉದ್ದನೆಯ ಕೋಷ್ಟಕ ಇರುತ್ತದೆ. ಕುಡಗಿಯೂ ಇರುತ್ತದೆ, ಉಡುಪಿಯೂ ಇರುತ್ತದೆ, ತೆಲಂಗಾಣದ ರಾಮಗುಂಡಂನಲ್ಲಿರುವ ನಮ್ಮ ಪಾಲೂ ಇರುತ್ತದೆ. ಪ್ರತಿ ಉಷ್ಣ ಸ್ಥಾವರ ಯೂನಿಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎಂಬ ಮಾಹಿತಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಬಳಿ ಸಿದ್ಧವಾಗಿದೆ. ಎರಡನ್ನೂ ಸೇರಿಸಿ ಆ ಕೋಷ್ಟಕಕ್ಕೆ ಇನ್ನೊಂದು ಕಾಲಂ ಹಾಕಿದರೆ, ಬಾಧ್ಯತೆ ಮುಟ್ಟಿದ ವರ್ಷ ನಮ್ಮ ಹೆಸರಿನಲ್ಲಿ ನಿಜವಾಗಿ ಎಷ್ಟು ಟನ್ ಹೊಗೆ ಹೋಯಿತು, ಬರದ ವರ್ಷ ಎಷ್ಟು ಹೋಯಿತು, ಪಂಪ್‌ಸೆಟ್ ಹಗಲಿಗೆ ಬಂದ ಮೇಲೆ ಎಷ್ಟು ಇಳಿಯಿತು ಎಂಬುದು ಎಲ್ಲರಿಗೂ ಕಾಣುತ್ತದೆ. ಆಯೋಗ ಪ್ರತಿ ವರ್ಷ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕನಾದರೂ ಎದ್ದು ನಿಂತು ಇದನ್ನು ಕೇಳಬಹುದು. ಅದಕ್ಕೆ ಕಾಯ್ದೆಯ ತಿದ್ದುಪಡಿ ಬೇಕಿಲ್ಲ.